ಅತ್ತೆಯ ಹೆಬ್ಬೆರಳು

ಸೌದೆಮನೆಯ ಗೋಡೆಗೆ ನಾನೊಂದು ಮೊಳೆ ಹೊಡೆದು ಏಳು ಚಳಿಗಾಲ ಕಳೆದಿತ್ತು. ಪೈಕ್ ಮೀನಿನ ತಲೆ ನೇತುಹಾಕಲೆಂದು ಹೊಡೆದ ಮೊಳೆ ಅದು. ಫಿನ್ಲೆಂಡಿನ ನಮ್ಮ ಸಾವೊ ಸೀಮೆಯಲ್ಲಿ ಗಂಡಸಿನ ಮರ್ಯಾದೆ ಇರುವುದು ಬಾಯಿ ತೆರೆದು ಒಣಗುವ ಆ ತಲೆಗಳಲ್ಲಿ. ಪಕ್ಕದ ಮನೆಯ ಅರ್ಮಸ್‌ನ ಗೋಡೆಯಲ್ಲಿ ಜಾಗವೇ ಉಳಿದಿರಲಿಲ್ಲ. ನನ್ನ ಮೊಳೆಗೆ ತುಕ್ಕು ಹಿಡಿದಿತ್ತು.

"ಆ ಮೊಳೆಗೆ ನಿನ್ ತಲೇನೇ ನೇತಾಕು, ಟೌನೊ," ಎನ್ನುತ್ತಿದ್ದರು ಅತ್ತೆ ಲೆಂಪಿ, ದಿನಾ ಕಾಫಿಯ ಹೊತ್ತಿಗೆ. ಎಂಬತ್ತು ದಾಟಿದ ಹೆಂಗಸು. ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು.

ಜೊಂಡಿನ ಅಂಚು, ತೊರೆ ಬಂದು ಸೇರುವ ಬಾಯಿ, ತಳ ಥಟ್ಟನೆ ಆಳಕ್ಕಿಳಿಯುವ ಕಡೆ, ಹೀಗೆ ಪೈಕ್ ಇರಬೇಕಾದಲ್ಲೆಲ್ಲ ಕೆರೆಯ ಹಿಮಗಡ್ಡೆ ಕೊರೆದು ಗಾಳ ಇಳಿಸಿದ್ದೆ. ಅರ್ಮಸ್‌ನನ್ನು ಕೇಳಿದರೆ ಕೆರೆಯ ನಡುವಿನ ದ್ವೀಪದ ಆಚೆ ಬದಿ ತೋರಿಸಿದ. "ಅಲ್ ಕೂತ್ಕೊ, ಸಾಕಪ್ಪಾ ಸಾಕು ಅನ್ಸತ್ತೆ." ಕೂತೆ. ಸಾಕಪ್ಪಾ ಸಾಕು ಅನ್ನಿಸಿತು.

ಶನಿವಾರ ಸಂಜೆ ಅತ್ತೆ ಎಂದಿನಂತೆ ಸೌನಾದ ಹಬೆಯಲ್ಲಿ ಬೆವರಿ, ಕೆರೆಯ ದಡದಲ್ಲಿ ಹಿಮಗಡ್ಡೆ ಒಡೆದು ಮಾಡಿದ ನೀರಿನ ಗುಂಡಿಗೆ ಇಳಿದರು. ಟವಲ್ ಹಿಡಿದು, ಮುಖ ತಿರುಗಿಸಿ ನಿಂತಿದ್ದವನು ನಾನು. ಅತ್ತೆ ಊರೆಲ್ಲ ಕೇಳುವಂತೆ ಕಿರುಚಿದರು.

"ಕಚ್ತು ಕಣೋ! ಕಾಲ್ ಹೆಬ್ಬೆರಳು ಕಚ್ತು! ಟವಲ್ ಕೊಡೋ!"

ನನಗೆ ಆಗ ಹೊಳೆಯಿತು. ಅತ್ತೆ ಉಳಿದ ಬ್ರೆಡ್ಡಿನ ಚೂರುಗಳನ್ನು ದಿನಾ ಚೆಲ್ಲುವುದು ಅದೇ ಗುಂಡಿಗೆ. ಚೂರಿಗೆ ಸಣ್ಣ ಮೀನು, ಸಣ್ಣ ಮೀನಿಗೆ ದೊಡ್ಡದು. ಏಳು ವರ್ಷ ಕೆರೆಯೆಲ್ಲ ಸುತ್ತಿದ ನಾನೆಂಥ ಪೆದ್ದ! ಟವಲ್ ಹಿಮದ ಮೇಲೆ ಬಿಸಾಡಿ ಗಾಳಕ್ಕೆ ಓಡಿದೆ.

ಬಂದಾಗ ಅತ್ತೆ ತಾವೇ ಮೇಲೆ ಹತ್ತಿ, ಗಡಗಡ ನಡುಗುತ್ತ ನನ್ನ ಏಳು ತಲೆಮಾರನ್ನು ಬೈದು ಜಾಲಾಡುತ್ತಿದ್ದರು. ನಾನು ತಲೆ ಎತ್ತದೆ ಗಾಳ ಇಳಿಸಿದೆ. ಹಗ್ಗದಂತೆ ಬಿಗಿಯಿತು ದಾರ. ಎಳೆದೆಳೆದು ಮೇಲೆ ತಂದರೆ, ನನ್ನ ತೋಳಿಗಿಂತ ಉದ್ದದ ಪೈಕ್! ಸಂತೋಷಕ್ಕೆ ಅತ್ತೇಬಿಟ್ಟೆ.

ಮರುದಿನ ಮೊಳೆಯ ಮೇಲಿನ ತಲೆ ನೋಡಿ ಅರ್ಮಸ್‌ನ ಮುಖ ಹುಳಿಹುಳಿಯಾಯಿತು.

"ಎಲ್ ಸಿಕ್ತೋ ಇದು?"

"ದ್ವೀಪದ ಆಚೆ ಬದಿ. ನೀನೇ ತೋರಿಸಿದ್ಯಲ್ಲಪ್ಪ."

ಆ ಗಳಿಗೆಗಾಗಿಯೇ ಹುಟ್ಟಿದ್ದೆನೇನೋ ಅನ್ನಿಸಿತು. ಅಷ್ಟರಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಂಡ ಅತ್ತೆ ಕುಂಟುತ್ತ ಬಂದರು.

"ಸುಳ್ ಬೊಗಳ್ಬೇಡ. ಬರಿಗಾಲಲ್ಲಿ ಹುಡುಕ್ದೋಳು ನಾನು. ತಲೆ ನಂದು."

ಅರ್ಮಸ್ ಎದುರಿಗೇ ತಲೆಯನ್ನು ಕಿತ್ತು, ತಮ್ಮ ಕೋಣೆಯ ಬಾಗಿಲಿಗೆ ಜಡಿದರು. ಅವನು ಹೊಟ್ಟೆ ಹಿಡಿದು ನಕ್ಕ. ನನ್ನ ಮೊಳೆ ಈಗ ಖಾಲಿಯೇನೂ ಇಲ್ಲ. ಅದಕ್ಕೆ ಅತ್ತೆ ತಮ್ಮ ಟವಲ್ ನೇತುಹಾಕಿದ್ದಾರೆ.

"ಮುಂದಿನ್ ಸಲ ಮೊದ್ಲು ಇದು ಕಣೋ ಕತ್ತೆ," ಅಂದರು. "ಆಮೇಲೆ ಗಾಳ."