ನಾಲ್ಕು ಹೀಟರ್ ಪ್ಲಗ್ಗಿನ ಮೇಲೆ ಅರದ ಗೆರೆ

ಸಾಲಾಗಿ ಮೂರು ದಿನ ಬೆಳಗ್ಗೆ ನನ್ನ ವ್ಯಾನು ಕೈಕೊಟ್ಟಿತು. ನಾಲ್ಕನೆಯ ದಿನ ಬ್ರೆಡ್ ಸಾಗಿಸುವ ನನ್ನ ಕೆಲಸ ಭಾವನ ತಮ್ಮನ ಪಾಲಾಯಿತು. ಭಾವ ಎಂದರೆ ಅಕ್ಕನ ಗಂಡ, ಮೆಕ್ಯಾನಿಕ್. "ಡೀಸೆಲ್ ಗಾಡಿ ಹೆಂಗಸರ ಕೈಗೆ ಒಗ್ಗಲ್ಲ" ಎಂದು ಬೇಕರಿ ಯಜಮಾನರ ಕಿವಿ ಊದಿದವನು ಅವನೇ. ಚಳಿಯಲ್ಲಿ ಇಂಜಿನ್ ಹತ್ತಬೇಕಾದರೆ ಒಳಗೆ ಕಾದು ಕೆಂಪಾಗುವ ಹೀಟರ್ ಪ್ಲಗ್ಗುಗಳನ್ನು ಅದೇ ವಾರ "ಹೊಸವು ಕಣಮ್ಮ" ಎಂದು ಹಾಕಿದವನೂ ಅವನೇ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ನಾಲ್ಕನ್ನೂ ಬಿಚ್ಚಿದೆ. ಪ್ರತಿಯೊಂದರ ಮೈಮೇಲೂ ಅರದಿಂದ ಉಜ್ಜಿದ ಸಣ್ಣ ಗೆರೆ! ಸತ್ತ ಪ್ಲಗ್ಗಿಗೆ ಗೆರೆ ಎಳೆದು ಡಬ್ಬಿಗೆ ಎಸೆಯುವುದು ಭಾವನ ಹಳೇ ಚಾಳಿ. ಆ ಡಬ್ಬಿಯನ್ನೇ ನನ್ನ ಇಂಜಿನ್ನಿಗೆ ಸುರಿದಿದ್ದ.

ಭಾನುವಾರ ಮಧ್ಯಾಹ್ನ ಬೇಕರಿ ಯಜಮಾನರನ್ನೂ ಭಾವನನ್ನೂ ಮನೆಗೆ ಕರೆದೆ. ವ್ಯಾನು ನಿಲ್ಲಿಸುವ ಶೆಡ್ಡಿನ ಬಾಗಿಲು ತೆರೆದಿಟ್ಟೆ. ಡೀಸೆಲ್ ಕ್ಯಾನು, ಎಣ್ಣೆಬಟ್ಟೆ ಎಲ್ಲ ಆಚೆ ಸಾಗಿಸಿದೆ. ಕನ್ನಡಕ, ಚರ್ಮದ ಕೈಗವಸು, ಫ್ಯೂಸ್ ಇರುವ ತಂತಿ ಜೋಡಿಸಿಟ್ಟೆ. ಮದುವೆಮನೆಗೂ ಇಷ್ಟು ತಯಾರಿ ಮಾಡಿದವಳಲ್ಲ ನಾನು.

"ಏನು ಡ್ರೈವರಮ್ಮ, ಆಪರೇಷನ್ನಾ?" ಎಂದು ಭಾವ ನಕ್ಕ.

"ಹೌದು ಭಾವ. ರೋಗಿ ನೀವೇ."

ಮೊದಲು ಅಂಗಡಿಯಿಂದ ತಂದ ಹೊಸ ಪ್ಲಗ್ಗನ್ನು ವೈಸಿನ ಕಬ್ಬಿಣದ ದವಡೆಯಲ್ಲಿ ಬಿಗಿದೆ. ಅದರ ಮೈಗೆ ಬ್ಯಾಟರಿಯ ನೆಗೆಟಿವ್ ತಂತಿ, ಆಮೇಲೆ ತಲೆಗೆ ಪಾಸಿಟಿವ್. ಹತ್ತು ಎಣಿಸುವಷ್ಟರಲ್ಲಿ ತುದಿ ಕೆಂಡವಾಯಿತು. ತಂತಿ ಬಿಡಿಸಿ, ಇಕ್ಕಳದಲ್ಲಿ ಹಿಡಿದು ಇಟ್ಟಿಗೆಯ ಮೇಲಿಟ್ಟೆ. ಆಮೇಲೆ ಭಾವನ ನಾಲ್ಕು. ಒಂದಾದರೂ ಕೆಂಪಾಗಬಾರದೆ? ನಾಲ್ಕೂ ಇದ್ದಿಲು.

"ಸತ್ತ ಪ್ಲಗ್ಗಿಗೆ ನೀನೆಳೆಯೋ ಗೆರೆ ಅಲ್ವೇನಯ್ಯಾ ಇದು, ಮೆಕ್ಯಾನಿಕ್?" ಯಜಮಾನರು ಬಗ್ಗಿ ನೋಡಿದರು.

"ಅದು... ತಂತಿ ಲೂಸಿದೆ ಸಾರ್. ಆ ಹೊಸದನ್ನೇ ಇನ್ನೊಂದ್ಸಲ ಹಾಕಿ ನೋಡೋಣ." ಭಾವನ ಬರಿಗೈ ಇಟ್ಟಿಗೆಯತ್ತ ಹೋಯಿತು. ಆ ಪ್ಲಗ್ಗು ಅಷ್ಟು ಹೊತ್ತಿಗೆ ಕಪ್ಪಾಗಿತ್ತು, ತಣ್ಣಗಾಗಿರಲಿಲ್ಲ.

ಸುಟ್ಟುಕೊಳ್ಳಲಿ ಎಂದಿತು ಮನಸ್ಸು. ಆದರೂ ಅವನ ಮಣಿಕಟ್ಟು ಹಿಡಿದೆ.

"ಕೈ ಜೋಪಾನ ಭಾವ. ನಾಳೆ ಬೆಳಗ್ಗೆ ಐದು ಗಂಟೆಗೆ ಬೇಕರಿ ಮುಂದೆ, ಎಲ್ಲರೆದುರಿಗೆ, ನಾಲ್ಕು ಹೊಸ ಪ್ಲಗ್ಗು ಈ ಕೈಯಲ್ಲೇ ಹಾಕಬೇಕು."

"ಹಾಕ್ತಾನೆ," ಎಂದರು ಯಜಮಾನರು. "ಬ್ರೆಡ್ ನಾಳೆಯಿಂದ ನೀನೇ ತಗೊಂಡು ಹೋಗಮ್ಮ."

ರಾತ್ರಿಯೇ ವ್ಯಾನನ್ನು ಬೇಕರಿ ಮುಂದಕ್ಕೆ ಎಳೆಸಿ ನಿಲ್ಲಿಸಿದೆ. ಬೆಳಗ್ಗೆ ಭಾವ ಹಾಕಿದ. ನಾನು ಟಾರ್ಚ್ ಹಿಡಿದು ನಿಂತಿದ್ದೆ.

ಸತ್ತ ನಾಲ್ಕನ್ನು ಎಸೆದಿಲ್ಲ. ವ್ಯಾನಿನ ಗಾಜಿನ ಹಿಂದೆ, ಗೆರೆ ಹೊರಗೆ ಕಾಣುವಂತೆ ಸಾಲಾಗಿ ಇಟ್ಟಿದ್ದೇನೆ. ದಿನಾ ಬೆಳಗ್ಗೆ ಭಾವನ ಗ್ಯಾರೇಜಿನ ಮುಂದೆ ನಿಧಾನ ಮಾಡಿ, ಎರಡು ಸಲ ಹಾರ್ನ್ ಹೊಡೆಯುತ್ತೇನೆ.