ಐದನೆಯ ತೂತು

ಮೈನಸ್ ಇಪ್ಪತ್ತಮೂರು, ಗಾಳಿಯೇ ಇಲ್ಲ, ಊರಿನ ಚಿಮಣಿಗಳ ಹೊಗೆಯೆಲ್ಲ ಎಳ್ಳಷ್ಟೂ ಬಾಗದೆ ಆಕಾಶಕ್ಕೆ ನೆಟ್ಟಗೆ ನಿಂತಿದೆ, ಎಷ್ಟು ಸಲೀಸಾಗಿ ನಿಂತಿದೆ, ತಾನು ಹಾಗೆ ನಿಂತು ಮೂರು ವಾರವಾಯಿತು ಎಂದುಕೊಳ್ಳುತ್ತ ತೈಮಿ ಒದ್ದು ಜಾರಿಸುವ ಹಿಮಗಾಡಿಯ ಹಿಡಿಕೆಗೆ ಭಾರ ಕೊಟ್ಟು ಬಲಗಾಲಿನಿಂದ ನೆಲವನ್ನು ಒಮ್ಮೆ ಒದ್ದಳು, ಗಾಡಿಯ ಉಕ್ಕಿನ ಪಟ್ಟಿಗಳು ಗಟ್ಟಿ ಹಿಮದ ಮೇಲೆ ಕಿರ್ರೆಂದು ಜಾರಿದವು, ಜೊತೆಗೇ ಕೋಟಿನೊಳಗೆ ಸೊಂಟಪಟ್ಟಿಯೂ ಕಿರ್ರೆಂದಿತು, ಚರ್ಮದ್ದು, ಬೆನ್ನಿಗೆ ಎರಡು ಉಕ್ಕಿನ ಸರಳು ಹೊಲಿದದ್ದು, ಮುಂದೆ ಬಕಲು, ಬಕಲಿನ ಮುಳ್ಳು ಐದನೆಯ ತೂತಿನಲ್ಲಿ — ಬೇಡ, ತೂತಿನ ವಿಚಾರ ಬೇಡ, ದಾರಿ ನೋಡು, ಆರೋಗ್ಯ ಕೇಂದ್ರದ ಹಳದಿ ಗೋಡೆ ಅಲ್ಲೇ ಕಾಣುತ್ತಿದೆ, ದೇವರೇ, ಒಂದು ಒದೆತಕ್ಕೆ ಒಂದು ಉಸಿರು ಕೊಡು ಸಾಕು. ಮೂರು ವಾರದ ಹಿಂದೆ, ಆ ಗುರುವಾರವೂ ಇಂಥದೇ ಚಳಿ, ಗುರುವಾರವೆಂದರೆ ಶಾಲೆಯಲ್ಲಿ ಬಟಾಣಿ ಸೂಪು, ಇಪ್ಪತ್ತೆಂಟು ವರ್ಷ ಅವಳ ಅಡುಗೆಮನೆಯಲ್ಲಿ ಒಂದು ಗುರುವಾರವೂ ತಪ್ಪಿದ್ದಿಲ್ಲ, ದೊಡ್ಡ ಪಾತ್ರೆಯನ್ನು ಇಬ್ಬರು ಎತ್ತಬೇಕೆಂದು ಗೋಡೆಯ ಮೇಲೆ ಬರೆದೇ ಇದೆ, ಜೊತೆಯವಳು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು, ಕರೆಯಲು ಏನೋ ಸಂಕೋಚ, ಒಬ್ಬಳೇ ಎತ್ತಿದಳು, ಬೆನ್ನಿನ ಬುಡದಲ್ಲಿ ಒಣಕಟ್ಟಿಗೆ ಮುರಿದಂತಾಯಿತು, ಆದರೂ ಒಂದು ಹನಿ ಚೆಲ್ಲದೆ ಇಳಿಸಿದಳು, ಆಮೇಲೆ ನೆಲಕ್ಕೆ ಕೂತವಳು ಏಳಲಿಲ್ಲ. ಪಕ್ಕದ ಮನೆಯ ಲೆಂಪಿ ಬಂದಳು, ಬಟ್ಟೆಯಲ್ಲಿ ಸುತ್ತಿ ಈ ಪಟ್ಟಿ ತಂದಳು, ಸತ್ತ ಗಂಡ ತೌನೊನದು, ಕಟ್ಕೊಳ್ಳೇ, ನೆಟ್ಟಗಾದ ಮೇಲೆ ಮಾತ್ರ ವಾಪಸ್ ಕೊಟ್ಬಿಡು, ಇನ್ನೇನಕ್ಕೂ ಅಲ್ಲ, ಮೂಸೋಕೆ, ಆ ಮುದುಕನ ವಾಸನೆ ಇನ್ನೂ ಅದರಲ್ಲೇ ಇದೆ ಎಂದು ನಕ್ಕಳು, ನಗುತ್ತಲೇ ಮುಖ ತಿರುಗಿಸಿದಳು. ಅಂದಿನಿಂದ ಬಿಚ್ಚಿಲ್ಲ, ಬೆನ್ನು ಮುರಿದವರು ಅಲುಗಬಾರದು, ಅಮ್ಮ ಹಾಗೇ ಹೇಳುತ್ತಿದ್ದಳು, ಮೂರು ವಾರ ತೈಮಿ ಮಲಗಿಯೇ ಇದ್ದಳು, ಸೂರು ನೋಡುತ್ತ, ಬೆರಳಿನಿಂದ ಪಟ್ಟಿಯ ತೂತುಗಳನ್ನು ಎಣಿಸುತ್ತ — ಮೊದಲನೆಯದಕ್ಕೆ ಹಿತ್ತಾಳೆಯ ಉಂಗುರವಿದೆ, ಅದು ಚರ್ಮದ ಕೆಲಸದವನು ಮಾಡಿದ್ದು, ಎರಡು, ಮೂರು, ನಾಲ್ಕು ತೌನೊ ದಬ್ಬಣದಿಂದ ಚುಚ್ಚಿಕೊಂಡದ್ದು, ಒಂದೊಂದೂ ಒಂದೊಂದು ಬೆರಳಗಲ ಒಳಕ್ಕೆ, ಒಂದೇ ಚಳಿಗಾಲದಲ್ಲಿ ಅಷ್ಟು ಕರಗಿದ, ಬರೀ ಬೆನ್ನು ನೋವು ಕಣೇ ಅಂತ ಲೆಂಪಿಗೆ ಅನ್ನುತ್ತಿದ್ದ, ಯಾರಿಗೂ ತೋರಿಸಲಿಲ್ಲ, ಬಿಗಿದುಕೊಂಡೇ ಸೌದೆ ಒಡೆದ, ಬಿಗಿದುಕೊಂಡೇ ಕೆರೆಯ ಮಂಜುಗಡ್ಡೆ ಕೊರೆದು ಮೀನಿಗೆ ಕೂತ, ಕೊನೆಗೆ ತೋರಿಸುವ ಹೊತ್ತಿಗೆ ಗಂಟು ಮೂಳೆಗೆ ಇಳಿದಾಗಿತ್ತು, ಈಸ್ಟರ್ ಹಬ್ಬಕ್ಕೆ ಅವನ ಮೇಲೆ ಮಣ್ಣು, ನಾಲ್ಕನೆಯ ತೂತು ದುಂಡಗಿಲ್ಲ, ಸೀಳಿದ ಹಾಗಿದೆ, ಕೈ ನಡುಗಿದವನದು. ಮೊದಲ ದಿನ ಅವಳಿಗೆ ಸರಿಹೊಂದಿದ್ದು ಮೂರನೆಯದು. ಎರಡನೆಯ ವಾರ ನಾಲ್ಕು. ಕಳೆದ ಭಾನುವಾರ ಚರ್ಚಿನ ಗಂಟೆ ಹೊಡೆಯುತ್ತಿದ್ದಾಗ ಬಿಗಿಯಲು ಹೋದರೆ ನಾಲ್ಕೂ ಸಡಿಲ, ತೌನೊನ ಕೊನೆಯ ತೂತೂ ಸಡಿಲ, ಕತ್ತರಿಯ ಮೊನೆ ಇಟ್ಟು ತಿರುಗಿಸಿದಳು, ತಿರುಗಿಸಿದಳು, ಇನ್ನೊಬ್ಬಳ ಗಂಡನ ವಸ್ತು, ಗಂಟೆ ಇನ್ನೂ ಹೊಡೆಯುತ್ತಲೇ ಇತ್ತು.

ಬನ್ನಿ ಬನ್ನಿ ಸೂಪಿನತ್ತೆ ಎಂದು ಬಾಗಿಲು ತೆಗೆದವನು ಯಾರ್ಕೊ, ಅಯ್ಯೋ, ಕಿವಿ ಅಗಲದ ಯಾರ್ಕೊ, ಮೂರು ಸಲ ಸೂಪು ಹಾಕಿಸಿಕೊಂಡು ಬಟಾಣಿ ಬಿಟ್ಟು ಮಾಂಸ ಮಾತ್ರ ಹೆಕ್ಕುತ್ತಿದ್ದ ಹುಡುಗ, ಈಗ ತಲೆಯಲ್ಲಿ ನರೆ, ಎದೆಯ ಮೇಲೆ ಹೆಸರಿನ ಚೀಟಿ, ಬೆನ್ನು ನೋವೆಂದು ಫೋನು ಮಾಡಿದವರನ್ನೆಲ್ಲ ಇಲ್ಲಿ ಮೊದಲು ನೋಡುವವನು ಇವನೇ ಅಂತೆ, ಡಾಕ್ಟರು ಆಮೇಲೆ. ಯಾವತ್ತಿಂದ, ಅಂದ. ಮೂರು ವಾರ. ಕಾಲಿಗೆ ಇಳಿಯುತ್ತಾ. ಇಲ್ಲ. ಕೂತರೆ ತಾಗೋ ಜಾಗ, ತೊಡೆಸಂದಿ ಜೋಮು ಹಿಡಿದಿದೆಯಾ, ಮೂತ್ರಕ್ಕೆ ಹೋಗೋಕೆ, ತಡಿಯೋಕೆ ಏನಾದ್ರೂ ತೊಂದ್ರೆ, ಅಂದ, ಅವಳ ಕಿವಿ ಬಿಸಿಯಾಯಿತು, ಯಾರ ತಟ್ಟೆಗೆ ಸೌಟು ಹಿಡಿದಿದ್ದಳೋ ಅವನಿಗೆ ಇದನ್ನೆಲ್ಲ ಹೇಳುವುದೇ, ಇಲ್ಲಪ್ಪ, ಏನಿಲ್ಲ. ಹಿಂದೆ ಯಾವತ್ತಾದ್ರೂ ಗಂಟು ಗಿಂಟು ಅಂತ ಆಪರೇಷನ್. ಇಲ್ಲ. ಜ್ವರ. ಇಲ್ಲ. ತೂಕ ಇಳಿದಿದೆಯಾ. ಇಲ್ಲ, ಅಂದಳು, ಅಷ್ಟು ಬೇಗ ಅಂದಳು ಎಂದರೆ ಅವನು ಬರೆಯುತ್ತಿದ್ದ ಕೈ ನಿಲ್ಲಿಸಿ ನೋಡಿದ, ಹೌದು ಅಂದರೆ ತೌನೊನನ್ನು ಒಯ್ದ ಅದು ಇಲ್ಲೇ ಈ ಕೋಣೆಯಲ್ಲೇ ಎದ್ದು ನಿಂತುಬಿಡುತ್ತದೆ, ಹೆಸರು ಹಿಡಿದು ಕರೆದ ಹಾಗೆ, ಇಲ್ಲ ಅಂದರೆ ಇನ್ನೆರಡು ದಿನ ಮಲಗಿರುತ್ತದೆ. ಅದನ್ನ ಬಿಚ್ಚಿ ಅತ್ತೆ, ಬೆನ್ನು ನೋಡಬೇಕು. ಬಿಚ್ಚಿದಳು, ಸೊಂಟ ಗಾಳಿಗೆ ಬಿದ್ದಂತಾಯಿತು, ಎರಡು ಹೋಳಾಗಿ ಬಿದ್ದುಬಿಡುತ್ತೇನೆ ಎಂದು ಮಂಚದ ಅಂಚು ಹಿಡಿದಳು, ಬೀಳಲಿಲ್ಲ. ಮಂಡಿಗೆ ಸುತ್ತಿಗೆಯಲ್ಲಿ ತಟ್ಟಿದ, ಕಾಲು ತಾನಾಗಿ ಹಾರಿತು, ಹೆಬ್ಬೆರಳು ಮೇಲಕ್ಕೆ ತಳ್ಳಿ ಅಂದ, ತಳ್ಳಿದಳು, ಹಿಮ್ಮಡಿಯ ಮೇಲೆ ನಡೀರಿ ಅಂದ, ನಡೆದಳು, ಇಂಥ ಕಾಲಿಟ್ಕೊಂಡು ಮೂರು ವಾರ ಮಲಗಿದ್ರಾ, ನನ್ನ ಕಾಲಿಗಿಂತ ಗಟ್ಟಿ ಇದೆ ಅಂದ. ಒಂದು ಎಕ್ಸ್‌ರೇ ಪಟ ತೆಗೆದುಬಿಡಪ್ಪ, ಒಳಗೇನಿದೆ ಅಂತ ಗೊತ್ತಾಗಲಿ ಅಂದಳು. ಪಟ ತೆಗೆದರೆ ಏನಾದ್ರೂ ಕಂಡೇ ಕಾಣುತ್ತೆ ಅತ್ತೆ, ಈ ವಯಸ್ಸಿಗೆ ಯಾರ ಬೆನ್ನಲ್ಲಿ ಕಾಣಲ್ಲ, ಮುಖದ ಸುಕ್ಕಿನ ಹಾಗೆ, ಅದನ್ನ ನೋಡಿ ನೀವು ಇನ್ನೂ ಮೂರು ವಾರ ಮಲಗ್ತೀರಿ ಅಂತ ಹೇಳುತ್ತ ಹೇಳುತ್ತ ಅವನ ಕೈ ಪಟ್ಟಿಯನ್ನು ಎತ್ತಿಕೊಂಡಿತು, ಮಡಚಿಡಲು, ಅಷ್ಟೆ, ಬೆರಳು ನಿಂತಿತು. ಇದೊಂದು ಹೊಸದಲ್ವಾ, ಒಳಗಿನ ಚರ್ಮ ಇನ್ನೂ ಬೆಳ್ಳಗಿದೆ. ಅವಳಿಗೆ ಆ ತೂತು ಬಿಟ್ಟು ಬೇರೇನೂ ಕಾಣಲಿಲ್ಲ, ಗೋಡೆಯಿಲ್ಲ, ಯಾರ್ಕೊ ಇಲ್ಲ, ತೌನೊ ಮಂಜುಗಡ್ಡೆಯಲ್ಲಿ ಕೊರೆದ ಕಿಂಡಿಯೊಳಗೆ ಬಗ್ಗಿ ನೋಡುತ್ತಿದ್ದಾನೆ, ನೀರು ಕಪ್ಪಗಿದೆ, ಸಡಿಲ ಆಯ್ತಪ್ಪ, ಅಂದಳು, ತೌನೊನಿಗಿಂತ ಸಡಿಲ ಆಯ್ತು, ಸುಳ್ಳು ಹೇಳಿದೆ. ತೂಕದ ಯಂತ್ರದ ಮೇಲೆ ನಿಲ್ಲಿಸಿದ, ಹಿಂದೆ ಬರೆದಿಟ್ಟಿದ್ದಕ್ಕಿಂತ ಐದು ಕಿಲೋ ಕಡಿಮೆ. ಅವನು ನಗಲಿಲ್ಲ. ದಿನಕ್ಕೆ ಏನು ತಿಂತಿದ್ರಿ. ಒಣ ರೊಟ್ಟಿ, ಕಾಫಿ. ಮತ್ತೆ. ಮಾತ್ರೆ. ಊರಿಗೆಲ್ಲ ಬಡಿಸಿದವರು ನೀವು, ಒಂದು ಗಂಜಿ ಬೇಯಿಸಿಕೊಳ್ಳಲಿಲ್ವಾ ಅಂದ, ಬೈದ ಹಾಗೂ ಇತ್ತು, ತಲೆ ಸವರಿದ ಹಾಗೂ ಇತ್ತು, ತಿನ್ನದೆ ಇಳಿದಿರಬಹುದು, ಆದರೂ ರಕ್ತ ನೋಡೇಬಿಡೋಣ, ಒಂದು ಗಂಟೆ ಸಾಕು, ಡಾಕ್ಟರಿಗೂ ಹೇಳ್ತೀನಿ, ಅಲ್ಲೀವರೆಗೆ ಕೂರಬೇಡಿ, ನಡೀರಿ, ಪಟ್ಟಿ ಇಲ್ಲದೆ.

ಒಂದು ಗಂಟೆ, ಆರೋಗ್ಯ ಕೇಂದ್ರದ ಕಾರಿಡಾರಿನ ಈ ತುದಿಯಿಂದ ಆ ತುದಿಗೆ, ಸೊಂಟದಲ್ಲಿ ಏನೂ ಇಲ್ಲದೆ ಬೆತ್ತಲೆ ಇದ್ದ ಹಾಗೆ, ಒಂದೊಂದು ಹೆಜ್ಜೆಗೂ ಈಗ ಮುರಿಯುತ್ತೆ, ಈಗ, ನೀನು ಕೊಟ್ಟ ಬೆನ್ನು ತಂದೆಯೇ, ನಿನ್ನದೇ, ಬೇಕಾದರೆ ತಗೋ, ಬೇಡ ತಗೋಬೇಡ, ಇನ್ನೊಂದು ಗುರುವಾರ ಕೊಡು, ಕೈಯಲ್ಲಿ ಪಟ್ಟಿ ನೇತಾಡುತ್ತಿದೆ, ಮೂಗಿನ ಹತ್ತಿರ ಹಿಡಿದು ನೋಡಿದಳು, ತೌನೊ ಇಲ್ಲ, ತನ್ನದೇ ಬೆವರು, ಮೂರು ವಾರದ ತನ್ನದೇ ಹೆದರಿಕೆ, ಲೆಂಪಿಗೆ ಏನು ಹೇಳಲಿ. ಯಾರ್ಕೊ ಬಂದ, ರಕ್ತದ ಇಎಸ್‌ಆರ್ ಹದಿನಾಲ್ಕು ಅಂದ, ಒಳಗೆ ಕೆಟ್ಟದ್ದಿದ್ರೆ ಸಾಮಾನ್ಯವಾಗಿ ಇದು ಏರಿರುತ್ತೆ, ನಿಮ್ಮ ವಯಸ್ಸಿಗೆ ಅದು ಏನೇನೂ ಅಲ್ಲ, ಡಾಕ್ಟರೂ ನೋಡಿದ್ರು, ದಿನಾ ನಡೀರಿ, ಉಣ್ಣಿ, ಜೋಮು ಹಿಡಿದ್ರೆ, ಮೂತ್ರ ಕಟ್ಟಿದ್ರೆ ಅವತ್ತೇ ಓಡಿ ಬನ್ನಿ, ಇಲ್ಲಾಂದ್ರೆ ಎರಡು ವಾರಕ್ಕೆ ಬನ್ನಿ, ತೂಕ ಮತ್ತೆ ನೋಡೋಣ. ಮತ್ತೆ ಯಾಕೆ ನೋಡಬೇಕು, ಏನೂ ಅಲ್ಲದಿದ್ದರೆ ಮತ್ತೆ ಯಾಕೆ, ಹದಿನಾಲ್ಕು, ಹದಿನಾಲ್ಕು ಎನ್ನುತ್ತ ಗಾಡಿ ಒದ್ದಳು, ಪಟ್ಟಿಯನ್ನು ಗಾಡಿಯ ಸೀಟಿನ ಮೇಲೆ ಕೂರಿಸಿದ್ದಳು ಮುದುಕನನ್ನು ಕೂರಿಸಿದ ಹಾಗೆ, ನೋವು ಇತ್ತು, ಇದ್ದರೂ ಕಾಲು ಒದೆಯುತ್ತಿತ್ತು, ಹೊಗೆಗಳು ಇನ್ನೂ ನೆಟ್ಟಗಿದ್ದವು. ಲೆಂಪಿಯ ಬಾಗಿಲು ತೆರೆದೇ ಇತ್ತು, ಏನೇ, ಕಡ್ಡಿ ಹಾಗೆ ಆಗಿದೀಯ, ಕಾಫಿಗಿಡ್ತೀನಿ ಬಾ ಅಂದಳು, ತೈಮಿ ಎರಡೂ ಕೈಯಲ್ಲಿ ಪಟ್ಟಿಯನ್ನು ನೀಡಿದಳು, ಲೆಂಪಿ ಇಸಿದುಕೊಂಡು ಮೂಗಿಗೆ ಹಿಡಿದಳು, ಇಳಿಸಿದಳು, ಕಿಟಕಿಯ ಹತ್ತಿರ ಹೋದಳು, ನೋಡದೆಯೇ ಹೆಬ್ಬೆರಳು ಚರ್ಮದ ಮೇಲೆ ನಡೆಯಿತು, ಹಿತ್ತಾಳೆಯ ಉಂಗುರ, ಎರಡು, ಮೂರು, ಸೀಳಿದ ನಾಲ್ಕು, ಇನ್ನೊಂದು ಬೆರಳಗಲ ಒಳಕ್ಕೆ ಹೋಗಿ ನಿಂತಿತು. ಅವನು ನಾಲ್ಕಕ್ಕೇ ನಿಲ್ಲಿಸಿದ್ದ ಅಂದಳು ಲೆಂಪಿ, ಮೆಲ್ಲಗೆ, ಬೈಗುಳವಲ್ಲ, ಕೇಳಿದ್ದೂ ಅಲ್ಲ, ಹೆಬ್ಬೆರಳು ತೆಗೆದಳು, ಹಿಮದ ಬೆಳಕು ಆ ತೂತಿನಿಂದ ಒಳಗೆ ಬಂತು, ಅಕ್ಕಿಕಾಳಿನಷ್ಟು ಬಿಳಿ, ಹದಿನಾಲ್ಕು, ಏನೇನೂ ಅಲ್ಲ ಅಂದಿದ್ದ ಯಾರ್ಕೊ, ಆದರೆ ಅಕ್ಕಿಕಾಳಿನಷ್ಟು ಬಿಳಿ, ಆ ತೂತು, ಐದನೆಯದು —