ಜೋಪಾನವಾಗಿ ಇಟ್ಟದ್ದು

ಶನಿವಾರ ಬೆಳಿಗ್ಗೆ ಕಂದು ಲಕೋಟೆಯನ್ನು ತೆಗೆಯಲು ಕಪಾಟಿನ ಮೂರನೆಯ ಹಲಗೆಗೆ ಕೈ ಹಾಕಿದೆ. ಅದು ಅಲ್ಲಿರಲಿಲ್ಲ. ನಾನೇ ಅಲ್ಲಿಂದ ತೆಗೆದಿದ್ದೆ ಎಂಬುದು ಒಡನೆ ನೆನಪಾಯಿತು. ತೆಗೆದು ಎಲ್ಲಿಟ್ಟೆ ಎಂಬುದು ನೆನಪಾಗಲಿಲ್ಲ.

ಲಕೋಟೆಯಲ್ಲಿ ನನ್ನ ಬಿ.ಎ. ಪದವಿಪತ್ರವೂ ಎಸ್.ಎಸ್.ಎಲ್.ಸಿ. ಪುಸ್ತಕವೂ ಇದ್ದವು. ಸೋಮವಾರ ಹತ್ತು ಗಂಟೆಗೆ ಸುಳ್ಯದ ಹೈಸ್ಕೂಲೊಂದರಲ್ಲಿ ಸಂದರ್ಶನ. ಕೆಲಸ ತಾತ್ಕಾಲಿಕ, ಒಂದೇ ಒಂದು ಜಾಗ. ಅಸಲು ಪತ್ರಗಳನ್ನು ತಾರದವರನ್ನು ಒಳಗೆ ಕರೆಯುವುದಿಲ್ಲವೆಂದು ಶಾಲೆಯಿಂದ ಬಂದ ಕಾಗದದ ಕೊನೆಯ ಸಾಲಿನಲ್ಲಿ ಬರೆದಿತ್ತು. ಮದುವೆಯಾಗಿ ಎಂಟು ತಿಂಗಳಲ್ಲಿ ನನ್ನನ್ನು ಕೇಳಿಕೊಂಡು ಬಂದ ಕಾಗದ ಅದೊಂದೇ.

ನಮ್ಮ ಮನೆ ಬೆಳ್ಳಾರೆಯ ಪೇಟೆಯಲ್ಲಿ. ನನ್ನ ಗಂಡ ಕುಶಾಲಪ್ಪ ಬಸ್ಸು ಕಂಪೆನಿಯ ಏಜೆಂಟರು. ಎದುರಿನ ಕೋಣೆಯೇ ಟಿಕೆಟಿನ ಜಾಗ, ಅದರ ಹಿಂದೆ ಅಡುಗೆಮನೆ, ಪಕ್ಕದಲ್ಲಿ ನಮ್ಮ ಕೋಣೆ. ಯಾರೋ ಇಳಿಸಿ ಹೋದ ವಸ್ತು ಇನ್ಯಾರೋ ಬಂದು ಕೊಂಡುಹೋಗುವವರೆಗೆ ಆ ಎದುರಿನ ಕೋಣೆಯಲ್ಲಿರುತ್ತದೆ: ಆಲಂಕಾರಿಗೆ ಹೋಗಬೇಕಾದ ಔಷಧದ ಬಾಟ್ಲಿ, ದುರಸ್ತಿಯಾದ ಟಾರ್ಚು, ಕಡಬದ ದರ್ಜಿಗೆ ಬಂದ ಬಟ್ಟೆಯ ಗಂಟು. ಎಲ್ಲವೂ ಬೆಂಚಿನ ಮೇಲೆ, ಇಲ್ಲವೆ ಮಾಡಿನ ಪಕ್ಕಾಸಿನಿಂದ ಹಗ್ಗದಲ್ಲಿ ನೇತಾಡಿಕೊಂಡು. ಕಾಗದಗಳಾದರೆ ಬಾಗಿಲ ಬಳಿ ತೂಗುವ ತಂತಿಗೆ, ಕೊಕ್ಕೆ ಸರಿಗೆಗೆ, ನಡುವೆಯೇ ಚುಚ್ಚಿ ಹಾಕುವುದು. ಮನೆಯ ಕಂದಾಯದ ರಸೀದಿಯೂ ಅಲ್ಲಿಯೇ, ನಾದಿನಿ ಲೋಲಾಕ್ಷಿ ಅರಂತೋಡಿನಿಂದ ಬರೆದ ಕಾರ್ಡೂ ಅಲ್ಲಿಯೇ.

ಅತ್ತೆ ಬೆಂಚಿನ ತುದಿಯಲ್ಲಿ ಕುಳಿತು ಎಲೆ ಹಾಕಿಕೊಳ್ಳುತ್ತ ಇಷ್ಟನ್ನೂ ನೋಡಿಕೊಳ್ಳುತ್ತಾರೆ. ಎರಡನೆಯ ಕ್ಲಾಸಿನವರೆಗೆ ಓದಿದವರು. ಮನೆಯಲ್ಲಿ ಅವರದು ಸುಳ್ಯದ ಕಡೆಯ ಗೌಡರ ಅರೆಭಾಷೆ, ನಾನು ಪುತ್ತೂರಿನ ಕಡೆಯ ತುಳು ಮಾತಾಡುವ ಗೌಡರವಳು. ಹಾಗಾಗಿ ನಾವಿಬ್ಬರು ಮಾತಾಡುವುದು ಕನ್ನಡದಲ್ಲಿ, ಸ್ವಲ್ಪ ಜಾಗ್ರತೆಯಲ್ಲಿ.

ಬಂದ ಹೊಸತರಲ್ಲಿ ಆ ಕೋಣೆಯನ್ನು ಕಂಡರೆ ನನಗೆ ತಲೆ ಸುತ್ತುತ್ತಿತ್ತು. ಮಂಗಳೂರಿನ ಹಾಸ್ಟೆಲಿನಲ್ಲಿ ನಮ್ಮ ವಾರ್ಡನ್ ಪ್ರತಿ ಭಾನುವಾರ ಕೋಣೆಗಳನ್ನು ನೋಡಲು ಬರುತ್ತಿದ್ದರು. ಮಂಚದ ಕೆಳಗೆ ಒಂದು ಟ್ರಂಕು, ಗೋಡೆಯಲ್ಲಿ ಒಂದು ಹಲಗೆ. ಹೊರಗೆ ಕಾಣಿಸುವ ವಸ್ತುವೆಲ್ಲ ಸೋಮಾರಿತನದ ಗುರುತು ಎನ್ನುತ್ತಿದ್ದರು. ಮೂರು ವರ್ಷವೂ ನನ್ನ ಕೋಣೆಗೆ ಅವರ ಮೆಚ್ಚುಗೆ ಸಿಕ್ಕಿತ್ತು. ಅಲ್ಲಿ ಇದ್ದದ್ದು ನನ್ನ ನಾಲ್ಕು ಸೀರೆ, ನನ್ನ ಪುಸ್ತಕ ಮಾತ್ರ ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ.

ಇಲ್ಲಿ ನಾನು ಒಂದು ಕಪಾಟು ಹಾಕಿಸಿದೆ, ಪರದೆ ಹೊಲಿದೆ, ಊರಿನ ಹೆಸರುಗಳನ್ನು ಬರೆದು ಹಲಗೆಗಳಿಗೆ ಅಂಟಿಸಿದೆ. ಕೋಣೆ ಚೆನ್ನಾಗಿ ಕಾಣಿಸಿತು. ಒಂದು ದಿನ ಬಸ್ಸು ಎದುರಿಗೆ ನಿಂತು ಹಾರ್ನು ಹಾಕುತ್ತಿರುವಾಗ ಆಲಂಕಾರಿನ ಔಷಧ ಬೇಕಾಯಿತು. "ಎರಡನೆಯ ಹಲಗೆ, ಪರದೆಯ ಹಿಂದೆ, ಎಡಗಡೆ," ಎಂದೆ. ಇವರು ಪರದೆ ಸರಿಸುವಷ್ಟರಲ್ಲಿ ಬಸ್ಸು ಹೋಯಿತು. ಮರುದಿನ ಸಾಮಾನುಗಳೆಲ್ಲ ಮತ್ತೆ ಬೆಂಚಿಗೆ ಬಂದವು, ಕಪಾಟು ನಮ್ಮ ಕೋಣೆಗೆ ಹೋಯಿತು.

"ನಿನ್ನ ಕಪಾಟಿಗೆ ನಾವು ಬರುದಿಲ್ಲ. ನಮ್ಮ ಸರಿಗೆಗೆ ನೀನು ಬರ್ಬೇಡ," ಎಂದು ಇವರು ನಗೆಯಾಡಿದರು.

ನಾನು ನಗಲಿಲ್ಲ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವರು ಏನಾದರೂ ಹೇಳಿದ್ದರೆ ನನಗೆ ಉತ್ತರ ಕೊಡಲಿಕ್ಕೆ ಸಾಧ್ಯವಿತ್ತು.

ಈಗ ಶನಿವಾರ ಹನ್ನೊಂದು ಗಂಟೆಗೆ ನನ್ನ ಕಪಾಟು, ಟ್ರಂಕು, ಹಾಸಿಗೆ ಎಲ್ಲವೂ ನೆಲದಲ್ಲಿದ್ದವು. ಕೋಣೆ ಎದುರಿನ ಕೋಣೆಗಿಂತ ಹತ್ತು ಪಾಲು ಕೆಟ್ಟು ಹೋಗಿತ್ತು.

"ಅಲ್ಲ ಮಾರಾಯ್ತಿ, ಇಟ್ಟದ್ದು ಯಾರು?" ಎಂದು ಇವರು ಬಾಗಿಲಲ್ಲಿ ನಿಂತು ಕೇಳಿದರು.

"ನಾನೇ."

"ಮತ್ತೆ ನನ್ನನ್ನು ಯಾಕೆ ಹಾಗೆ ನೋಡುದು?"

"ನೀವು ಮುಟ್ಟಿರಬಹುದು."

"ನಿನ್ನ ಕಪಾಟು ಮುಟ್ಟಿದ್ರೆ ನಾನು ಈಗ ಜೀವದಲ್ಲಿ ಇರ್ತಿದ್ದೆನಾ?"

ಟಿಕೆಟಿಗೆ ಯಾರೋ ಕರೆದರು, ಇವರು ಹೋದರು. ನಾನು ಸೀರೆಗಳನ್ನು ಒಂದೊಂದಾಗಿ ಕೊಡವಿದೆ. ಎರಡನೆಯ ಸಲ ಕೊಡವಿದೆ. ಮೂರನೆಯ ಸಲ ಕೊಡವುವಾಗ ಅತ್ತೆ ಒಳಗೆ ಬಂದು ಟ್ರಂಕಿನ ಮೇಲೆ ಕುಳಿತರು.

"ಮೊದಲು ಕಪಾಟಿನಲ್ಲಿ ಇತ್ತಲ್ಲ. ಅಲ್ಲಿಂದ ಯಾಕೆ ತೆಗೆದದ್ದು?"

"ಗೋಡೆಯಲ್ಲಿ ಗೆದ್ದಲು ಕಂಡಿತು. ಟ್ರಂಕಿಗೆ ಹಾಕಿದೆ."

"ಟ್ರಂಕಿನಿಂದ?"

"ಲೋಲಾಕ್ಷಿಯ ಮಕ್ಕಳು ಬಂದಿದ್ದರಲ್ಲ. ಬೀಗ ಸಡಿಲ ಉಂಟು. ಹಾಸಿಗೆಯ ಕೆಳಗೆ ಇಟ್ಟೆ."

"ಹಾಸಿಗೆಯಿಂದ?"

"ನೆಲ ತಂಪು, ಅಕ್ಷರ ಹರಡೀತು ಅನಿಸಿತು. ಸೀರೆಯ ಮಡಿಕೆಯಲ್ಲಿ ಇಟ್ಟೆ."

ಹೇಳುತ್ತ ಹೋದಂತೆ ನನಗೇ ನಾಚಿಕೆಯಾಯಿತು. ಪ್ರತಿ ಸಲವೂ ಇನ್ನು ಚಿಂತೆಯಿಲ್ಲ ಎಂದುಕೊಂಡಿದ್ದೆ. ಎರಡು ದಿನ ಮನಸ್ಸು ಸುಮ್ಮನಿರುತ್ತಿತ್ತು. ಆಮೇಲೆ ಕಣ್ಣಿಗೆ ಕಾಣದ ಆ ಲಕೋಟೆಗೆ ಏನಾಗಿರಬಹುದೆಂದು ಒಲೆಯ ಮುಂದೆ ಕುಳಿತಲ್ಲೇ ಎಣಿಸತೊಡಗುತ್ತಿದ್ದೆ.

ಅತ್ತೆ ನಗಲಿಲ್ಲ. "ಕೊನೆಗೆ ಯಾವುದಕ್ಕೆ ಹೆದರಿದ್ದು ನೀನು? ಅದನ್ನು ನೆನಪು ಮಾಡು," ಎಂದರು.

"ಇಲಿ," ಎಂದೆ. ಸೀರೆಯ ಸೆರಗನ್ನು ಇಲಿ ಕಡಿದಿತ್ತು. ಇಲಿಗೆ ಹೆದರಿದರೆ ಡಬ್ಬ. ಎದ್ದು ಅಡುಗೆಮನೆಗೆ ಓಡಿದೆ.

ಮೇಲಿನ ಹಲಗೆಯಲ್ಲಿ ನನ್ನ ಡಬ್ಬಗಳು ಸಾಲಾಗಿದ್ದವು, ಒಂದೊಂದಕ್ಕೂ ಚೀಟಿ. ಉದ್ದು, ಕಡಲೆ, ಮೆಂತೆ. ತುದಿಯಲ್ಲಿ ದೊಡ್ಡ ಚೌಕದ ಬಿಸ್ಕತ್ತಿನ ಡಬ್ಬ ಇರಬೇಕಿತ್ತು. ಅದರ ತಳದಲ್ಲಿ ಲಕೋಟೆ ಮಲಗಿಸಿ, ಮೇಲೆ ವರ್ತಮಾನ ಪತ್ರಿಕೆ ಹಾಸಿ, ಯಾರೂ ತೆರೆಯದಿರಲಿ ಎಂದು ಹೊರಗೆ ಚೀಟಿ ಅಂಟಿಸಿದ್ದೆ. ಅಲ್ಲಿ ಈಗ ಧೂಳಿಲ್ಲದ ಒಂದು ಚೌಕ ಮಾತ್ರ ಇತ್ತು.

"ಅತ್ತೆ, ಆ ದೊಡ್ಡ ಡಬ್ಬ?"

"ಅದಾ? ಗುರುವಾರ ಹಲಸಿನ ಹಪ್ಪಳ ತುಂಬಿಸಿ ಲೋಲಾಕ್ಷಿಗೆ ಕಳಿಸಿದೆನಲ್ಲ, ಹಸನಬ್ಬನ ಬಸ್ಸಿನಲ್ಲಿ." ಅತ್ತೆಯ ಮುಖ ನಿಧಾನವಾಗಿ ಬದಲಾಯಿತು. "ಖಾಲಿ ಅಂತ ಬರೆದಿತ್ತು. ನಾನು ಎರಡು ಸಲ ಓದಿ ನೋಡಿದೆ, ಶೀಲಾ."

ಅಷ್ಟು ತಿಂಗಳಲ್ಲಿ ನನ್ನ ಚೀಟಿಯನ್ನು ಅವರು ಓದಿ ನಂಬಿದ್ದು ಅದೊಂದೇ ಸಲ.

ಹಸನಬ್ಬ ಪುತ್ತೂರಿನಿಂದ ಅರಂತೋಡಿಗೆ ಹೋಗುವ ಸಂಜೆಯ ಬಸ್ಸಿನ ಕಂಡಕ್ಟರು. ಬಸ್ಸು ರಾತ್ರಿ ಅಲ್ಲೇ ನಿಂತು ಬೆಳಿಗ್ಗೆ ಹಿಂದೆ ಬರುತ್ತದೆ. ಅಂದು ಸಂಜೆ ಅವನ ಹತ್ತಿರ ಲೋಲಾಕ್ಷಿಗೆ ಚೀಟಿ ಕೊಟ್ಟೆವು. ಭಾನುವಾರ ಬೆಳಿಗ್ಗೆ ಅವನು ಕೈ ಬೀಸಿಕೊಂಡು ಇಳಿದ.

"ಮನೆಗೆ ಬೀಗ ಹಾಕಿದ್ದಾರೆ. ಮಡಿಕೇರಿಗೆ ಮದುವೆಗೆ ಹೋದದ್ದಂತೆ. ಇವತ್ತು ಸಂಜೆಗೆ ಬರ್ತಾರೆ ಅಂತ ಅಂಗಡಿಯವರು ಹೇಳಿದ್ರು."

"ಬರದಿದ್ದರೆ?"

"ಬರದಿದ್ರೆ ಬೀಗ ಒಡೆಯುವ ಅಧಿಕಾರ ಕಂಡಕ್ಟರಿಗೆ ಇಲ್ಲ ಅಕ್ಕ."

ಇವರು ನಕ್ಕರು. ನಾನು ಒಳಗೆ ಹೋಗಿ ಡಬ್ಬಗಳ ಚೀಟಿಗಳನ್ನೆಲ್ಲ ಕಿತ್ತು ಹಾಕಿದೆ. ಸಿಟ್ಟು ಯಾರ ಮೇಲೆಂದು ಆಗಲೂ ಸ್ಪಷ್ಟವಿರಲಿಲ್ಲ. ಮಧ್ಯಾಹ್ನ ಸಾರಿಗೆ ಮೆಂತೆ ಹುಡುಕಲು ನಾಲ್ಕು ಡಬ್ಬ ತೆರೆಯಬೇಕಾಯಿತು, ಅದಕ್ಕೂ ಸಿಟ್ಟು ಬಂತು.

ಸಂಜೆ ಹಸನಬ್ಬ ಚೀಟಿಯನ್ನು ಮತ್ತೆ ಕೊಂಡುಹೋದ, ಲಕೋಟೆ ಸಿಕ್ಕಿದರೆ ಮರುದಿನ ಸುಳ್ಯದಲ್ಲಿಯೇ ನನಗೆ ಕೊಡುವುದೆಂದು ಮಾತಾಯಿತು. ಸೋಮವಾರ ಮೊದಲ ಬಸ್ಸಿನಲ್ಲಿ ಸುಳ್ಯಕ್ಕೆ ಹೋಗಿ ಬಸ್ಸು ನಿಲ್ಲುವಲ್ಲಿ ನಿಂತೆ. ಇವರು ಟಿಕೆಟು ಬಿಟ್ಟು ಬರುವಂತಿರಲಿಲ್ಲ. ಹಸನಬ್ಬನ ಬಸ್ಸು ಒಂಬತ್ತೂವರೆಗೆ ಬರಬೇಕಿತ್ತು. ಬರಲಿಲ್ಲ. ಒಂಬತ್ತೂ ಮುಕ್ಕಾಲಾಯಿತು. ಹೈಸ್ಕೂಲಿಗೆ ನಡೆದು ಹೋಗಲು ಹತ್ತು ನಿಮಿಷ ಬೇಕು. ಬಗಲಲ್ಲಿ ಫೈಲು ಹಿಡಿದ ಒಬ್ಬ ಯುವಕ ಆ ದಾರಿಯಲ್ಲೇ ಹೋದದ್ದನ್ನು ಕಂಡೆ. ಅವನ ಫೈಲಿನಲ್ಲಿ ಎಲ್ಲವೂ ಇರುತ್ತದೆ ಎಂದುಕೊಂಡೆ.

ಬಸ್ಸು ತಿರುವಿನಲ್ಲಿ ಕಂಡಾಗ ಮೊದಲು ಕಂಡದ್ದು ಲಕೋಟೆಯೇ. ಡ್ರೈವರನ ಮುಂದಿನ ಕನ್ನಡಿಗೆ ಹಗ್ಗ ಕಟ್ಟಿ ಅದನ್ನು ತೂಗು ಹಾಕಿದ್ದರು. ಬಸ್ಸಿನ ಜನರೆಲ್ಲ ಅರಂತೋಡಿನಿಂದ ಇಲ್ಲಿಯವರೆಗೆ ಅದನ್ನು ನೋಡುತ್ತ ಬಂದಿರಬೇಕು. ನನಗೆ ಅಳು ಬಂತು, ಜೊತೆಗೆ ರೇಗಿತು.

"ಅಲ್ಲಿ ಯಾಕೆ ನೇತು ಹಾಕಿದ್ದು? ಗಾಳಿಗೆ ಹಾರಿದ್ದರೆ?"

"ಹಾರುದು ಕಾಣ್ತದಲ್ಲ ಅಕ್ಕ. ಚೀಲಕ್ಕೆ ಹಾಕಿದ್ರೆ ನಾನು ಪುತ್ತೂರಿನಲ್ಲಿ ನೆನಪು ಮಾಡ್ತಿದ್ದೆ," ಎಂದು ಹಸನಬ್ಬ ಹಗ್ಗ ಬಿಚ್ಚಿ ಕೊಟ್ಟ. "ಹೋಗಿ, ಹೊತ್ತಾಯ್ತು."

ಹೆಡ್‌ಮಾಸ್ಟರು ಪದವಿಪತ್ರವನ್ನು ಬಿಡಿಸಿದಾಗ ಮೇಜಿನ ಮೇಲೆ ಹಪ್ಪಳದ ಚೂರುಗಳು ಬಿದ್ದವು. ಮೂಲೆಯಲ್ಲಿ ಎಣ್ಣೆಯ ಒಂದು ಕಲೆ ಇತ್ತು. ಅವರು ಒಂದು ಚೂರನ್ನು ಬೆರಳಲ್ಲಿ ಎತ್ತಿ ನೋಡಿದರು.

"ಹಲಸಿನದ್ದಾ?"

"ಹೌದು ಸರ್."

"ಇದನ್ನು ಎಲ್ಲಿ ಇಟ್ಟಿದ್ದಿರಿ ನೀವು?"

"ಜೋಪಾನವಾಗಿ ಇಟ್ಟಿದ್ದೆ ಸರ್."

ಅವರು ನಗದಿರಲು ಪ್ರಯತ್ನ ಪಟ್ಟರು. ಆಮೇಲೆ ಕೇಳಿದ ಪ್ರಶ್ನೆಗಳಿಗೆ ನಾನು ಏನು ಉತ್ತರ ಕೊಟ್ಟೆನೋ, ಕಲೆಯ ಮೇಲೆಯೇ ನನ್ನ ಕಣ್ಣಿತ್ತು.

ಹನ್ನೆರಡನೆಯ ದಿನ ನೇಮಕದ ಆದೇಶ ಬಂತು. ಜೂನ್ ಮೂರನೆಯ ವಾರ ಹಾಜರಾಗಬೇಕು, ಆದೇಶವನ್ನು ತರತಕ್ಕದ್ದು. ಇವರು ಓದಿ ಹೇಳಿದಾಗ ಅತ್ತೆ ಅಭ್ಯಾಸದಂತೆ ಕೈ ಚಾಚಿದರು, ಕೊಕ್ಕೆ ಸರಿಗೆ ಅವರ ತಲೆಯ ಮೇಲೆಯೇ ಇತ್ತು. ಮತ್ತೆ ನನ್ನನ್ನು ನೋಡಿ ಕೈ ಹಿಂದೆ ತೆಗೆದುಕೊಂಡರು.

ಆದೇಶ ಹಿಡಿದು ಕೋಣೆಗೆ ಹೋದೆ. ಕಪಾಟನ್ನು ನೋಡಿದೆ, ಟ್ರಂಕನ್ನು ನೋಡಿದೆ. ಗೆದ್ದಲು, ಬೀಗ, ತಂಪು, ಇಲಿ ಎಲ್ಲವೂ ಸಾಲಾಗಿ ಬಂದವು. ಎದುರಿನ ಕೋಣೆಗೆ ಬಂದು ಆದೇಶದ ಅಂಚಿನಲ್ಲಿ, ಅಕ್ಷರಗಳಿಗೆ ತಾಗದ ಹಾಗೆ, ನಾನೇ ಸರಿಗೆಗೆ ಚುಚ್ಚಿದೆ. ಕಾಗದ ಹರಿಯುವ ಸದ್ದಿಗೆ ಹಲ್ಲು ಕಚ್ಚಿಕೊಂಡೆ.

"ನೋಡು, ಅಮ್ಮನ ಶಿಷ್ಯೆ ಆದಳು," ಎಂದರು ಇವರು.

"ನೀನು ಸುಮ್ಮನಿರು ಮಾರಾಯ," ಎಂದರು ಅತ್ತೆ.

ಕಪಾಟನ್ನು ನಾನು ಕೊಟ್ಟುಬಿಡಲಿಲ್ಲ, ಪರದೆಯನ್ನು ಮಾತ್ರ ತೆಗೆದೆ. ಸರಿಗೆಯ ಮೇಲಿನ ಆ ಕಾಗದ ಬಸ್ಸು ಬಂದಾಗಲೆಲ್ಲ ಅಲುಗುತ್ತದೆ, ಅಲುಗಿದಾಗಲೆಲ್ಲ ನನಗೆ ಕಿರಿಕಿರಿಯಾಗುತ್ತದೆ. ದಿನಕ್ಕೆ ಹತ್ತು ಸಲ ನೋಡುತ್ತೇನೆ. ಎದ್ದು ಹೋಗಿ ನೋಡಬೇಕಾಗಿಲ್ಲ, ಅಡುಗೆಮನೆಯ ಬಾಗಿಲಿನಿಂದ ತಲೆ ಎತ್ತಿದರೆ ಕಾಣುತ್ತದೆ.